ಸ್ಮಾರ್ಟ್ ಬೋರ್ಡಿಗೆ ಬೆಡ್‌ಶೀಟ್

ಸರ್ಕಾರಿ ಶಾಲೆಗೆ ದೊಡ್ಡ ಟಚ್ ಬೋರ್ಡ್ ಬಂದರೆ ಮೊದಲು ನಡೆಯುವ ಕೆಲಸ ಯಾವುದು ಗೊತ್ತಾ? ಅದಕ್ಕೆ ಸರಿಹೊಂದುವ ಬೆಡ್‌ಶೀಟ್ ಹುಡುಕುವುದು. ಚಾಕ್‌ಪೀಸ್ ಧೂಳು ಕೂತರೆ ಕೆಟ್ಟುಹೋಗುತ್ತೆ ಅಂತ ಗೋಡೆಗೆ ಕೂರಿಸಲು ಬಂದ ಹುಡುಗ ಹೇಳಿ ಹೋಗಿರುತ್ತಾನೆ. ಹೆಡ್‌ಮಾಸ್ಟರಿಗೆ ಧೂಳಿಗಿಂತ ಸ್ಟಾಕ್ ರಿಜಿಸ್ಟರಿನ ಭಯ ಜಾಸ್ತಿ. ಬೋರ್ಡಿಗೆ ಒಂದು ಗೀರು ಬಿದ್ದರೂ ಉತ್ತರ ಕೊಡಬೇಕಾದವರು ಅವರು. ವರ್ಷವಿಡೀ ಯಾರೂ ಮುಟ್ಟದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಹಾಗಾಗಿ ಮಕ್ಕಳು ಮುಟ್ಟಿ ಕಲಿಯಲಿ ಅಂತ ತಂದ ಬೋರ್ಡಿನ ಪಕ್ಕದಲ್ಲೇ ‘ಮಕ್ಕಳು ಮುಟ್ಟಬಾರದು’ ಎಂಬ ಚೀಟಿ ಅಂಟುತ್ತದೆ, ಕೋಣೆಗೆ ಬೀಗ ಬೀಳುತ್ತದೆ, ಬೀಗದ ಕೀ ಹೆಡ್‌ಮಾಸ್ಟರ ಬ್ಯಾಗಿನಲ್ಲಿ ಕೂತು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಮೀಟಿಂಗಿಗೆ ಹೋಗುತ್ತದೆ.

ಉದ್ಘಾಟನೆಯ ದಿನ ಮಾತ್ರ ಬೆಡ್‌ಶೀಟ್ ತೆಗೆಯುತ್ತಾರೆ. ಶಾಸಕರು ರಿಬ್ಬನ್ ಕತ್ತರಿಸುತ್ತಾರೆ, ಸಿಎಸ್‌ಆರ್ ದುಡ್ಡು ಕೊಟ್ಟ ಕಂಪನಿಯವರು ಲೋಗೋ ಕಾಣುವ ಹಾಗೆ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ತಲೆ ಮೇಲೆ ಮೈಸೂರು ಪೇಟ. ಬೋರ್ಡಿನಲ್ಲಿ ಒಂದು ಗ್ಲೋಬ್. ಸಾಹೇಬರು ಬೆರಳಿನಿಂದ ತಳ್ಳಿದರೆ ಭೂಮಿ ತಿರುಗುತ್ತದೆ, ಎಲ್ಲರೂ ಚಪ್ಪಾಳೆ. ಭೂಮಿ ತಾನಾಗೇ ತಿರುಗುತ್ತೆ ಅಂತ ವಿಜ್ಞಾನದ ಪುಸ್ತಕದಲ್ಲಿದೆ, ಆದರೆ ಅವತ್ತು ಅದನ್ನು ಹೇಳುವುದು ಸಭ್ಯತೆ ಅಲ್ಲ. ಇಂಟರ್‌ನೆಟ್ ಎಲ್ಲಿಂದ ಬಂತು ಅಂದಿರಾ? ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತ ಅತಿಥಿ ಶಿಕ್ಷಕರ ಜೇಬಿನಿಂದ. ನಮ್ಮ ಡಿಜಿಟಲ್ ಶಿಕ್ಷಣ ನಿಂತಿರುವುದೇ ಅತಿಥಿ ಶಿಕ್ಷಕರ ಹಾಟ್‌ಸ್ಪಾಟಿನ ಮೇಲೆ. ಗೌರವಧನ ಯಾವಾಗ ಬರುತ್ತೋ ದೇವರಿಗೇ ಗೊತ್ತು, ರೀಚಾರ್ಜ್ ಮಾತ್ರ ತಪ್ಪುವ ಹಾಗಿಲ್ಲ.

ಇನ್ನು ಬೋರ್ಡಿನ ಎತ್ತರ. ಸಾಹೇಬರ ಎದೆಮಟ್ಟಕ್ಕೆ ಸರಿಯಾಗಿರುತ್ತದೆ. ನಾಲ್ಕನೇ ಕ್ಲಾಸಿನ ಹುಡುಗಿಗೆ ಬೇಕೆಂದರೆ ಬೆಂಚ್ ಹತ್ತಬೇಕು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಶುರುವಾದಾಗ ಕೋಣೆಯ ಗೋಡೆ ಸುತ್ತ, ಮಕ್ಕಳು ನೆಲದಲ್ಲಿ ಕೂತರೂ ಕೈಗೆ ಸಿಗುವಷ್ಟು ತಗ್ಗಿನಲ್ಲಿ ಕಪ್ಪು ಹಲಗೆ ಬಳಿದಿದ್ದರು. ಪ್ರತಿ ಮಗುವಿಗೂ ಅದರಲ್ಲಿ ತನ್ನದೇ ಒಂದು ಪಾಲು. ಬರೆಯಬಹುದು, ಒರೆಸಬಹುದು, ಪಕ್ಕದವನ ಪಾಲಿಗೆ ಗೆರೆ ದಾಟಿ ಜಗಳ ಆಡಬಹುದು. ಚಾರ್ಜ್ ಬೇಡ, ಪಾಸ್‌ವರ್ಡ್ ಬೇಡ. ಮೈಲುಗಲ್ಲು, ಕಾರ್ಡು, ಏಣಿ ಅಂತ ಮಗು ತನ್ನ ವೇಗದಲ್ಲೇ ಮುಂದೆ ಹೋಗುವ ಏರ್ಪಾಡು ಬೇರೆ. ಈಗ ಅದನ್ನೇ ಸಾಫ್ಟ್‌ವೇರ್ ಕಂಪನಿಯವರು ಲೈಸೆನ್ಸ್ ಲೆಕ್ಕದಲ್ಲಿ ಮಾರುತ್ತಾರೆ, ನಾವು ಕಣ್ಣರಳಿಸಿ ನೋಡುತ್ತೇವೆ.

ಹಾಗಂತ ತಂತ್ರಜ್ಞಾನವೇ ಬೇಡ ಅನ್ನುವ ಪಾರ್ಟಿ ನಾನಲ್ಲ. ಒಳ್ಳೆಯ ವೆಬ್ ಟೂಲ್‌ಗಳು ಇವೆ, ಅದೂ ಪುಕ್ಕಟೆ. 2001ರಲ್ಲಿ ಭೌತವಿಜ್ಞಾನಕ್ಕೆ ನೊಬೆಲ್ ಪಡೆದ ಕಾರ್ಲ್ ವೀಮನ್, ಮಾರನೇ ವರ್ಷವೇ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಫೆಟ್ ಎಂಬ ಯೋಜನೆ ಶುರು ಮಾಡಿದರು. ಅದರಲ್ಲಿ ಪರದೆ ಮೇಲೆಯೇ ಬ್ಯಾಟರಿ, ಬಲ್ಬು, ವೈರು ಎಳೆದು ಜೋಡಿಸಬಹುದು. ತಪ್ಪು ಜೋಡಿಸಿ ಶಾರ್ಟ್ ಮಾಡಿದರೆ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತದೆ! ಸುಟ್ಟ ಬ್ಯಾಟರಿಗೆ ಸ್ಟಾಕ್ ರಿಜಿಸ್ಟರಿನಲ್ಲಿ ವಿವರಣೆ ಕೊಡಬೇಕಿಲ್ಲ. ಕನ್ನಡದಲ್ಲೂ ಸಿಗುತ್ತದೆ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ, ಹಳೇ ಲ್ಯಾಪ್‌ಟಾಪ್ ಸಾಕು. ಗಣಿತಕ್ಕೆ ಜಿಯೋಜಿಬ್ರಾ ಇದೆ, ಆಸ್ಟ್ರಿಯಾದ ಮಾರ್ಕುಸ್ ಹೋಹನ್‌ವಾರ್ಟರ್ 2001ರಲ್ಲಿ ಶುರು ಮಾಡಿದ್ದು. ತ್ರಿಕೋನದ ಒಂದು ಮೂಲೆ ಹಿಡಿದು ಹೇಗೆ ಬೇಕಾದರೂ ಎಳೆಯಿರಿ, ಮೂರು ಕೋನ ಕೂಡಿದರೆ 180 ಡಿಗ್ರಿ ಬಿಟ್ಟು ಕದಲುವುದಿಲ್ಲ. ಮೇಷ್ಟ್ರು ಎಳೆಯುವ ಮೊದಲು ಒಂದು ಕ್ಷಣ ನಿಂತು ‘ಈಗ ಏನಾಗುತ್ತೆ ಹೇಳ್ರೋ’ ಅಂತ ಕೇಳಬೇಕು ಅಷ್ಟೆ. ಹಿಂದಿನ ಬೆಂಚಿನವನು ತಪ್ಪು ಹೇಳಬೇಕು, ಮುಂದಿನ ಬೆಂಚಿನವಳು ಅಲ್ಲ ಅನ್ನಬೇಕು, ಕ್ಲಾಸಿನಲ್ಲಿ ಒಂದಿಷ್ಟು ಗಲಾಟೆ ಆಗಬೇಕು. ಅದಕ್ಕೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಯಾರ ಹತ್ತಿರ ಇದೆ ಹೇಳಿ? ಹತ್ತನೇ ಕ್ಲಾಸಿನಲ್ಲಿ ಪಾಸಾಗಲು ಬೇಕಾದಷ್ಟನ್ನೇ ಉರು ಹೊಡೆಸುವ ಪಾಸಿಂಗ್ ಪ್ಯಾಕೇಜ್ ಓಡುತ್ತಿರುತ್ತದೆ. ಥೇಲ್ಸ್ ಪ್ರಮೇಯ ಬಾಯಿಪಾಠ, ಪೈಥಾಗೊರಸ್ ಬಾಯಿಪಾಠ, ಚಿತ್ರ ಬರೆದರೆ ಇಷ್ಟು ಮಾರ್ಕ್ಸ್, ದತ್ತ ಬರೆದರೆ ಇಷ್ಟು. ತ್ರಿಕೋನದ ಮೂಲೆ ಎಳೆದರೆ ಅಕ್ಷರದ ಜಾಗ ಬದಲಾಗಿ ಮಕ್ಕಳಿಗೆ ಕನ್ಫ್ಯೂಸ್ ಆಗುತ್ತೆ, ಎಳೀಬೇಡಿ ಅನ್ನುವವರೂ ಇದ್ದಾರೆ.

ಹೀಗೆ ಪುಕ್ಕಟೆ ಸಿಗುವುದರಿಂದಲೇ ಇವುಗಳಿಗೆ ಬೆಲೆ ಇಲ್ಲ. ಟೆಂಡರ್ ಇಲ್ಲ, ಉದ್ಘಾಟನೆ ಇಲ್ಲ, ಕಲ್ಲಿನ ಮೇಲೆ ಹೆಸರು ಕೆತ್ತುವ ಹಾಗಿಲ್ಲ. ವೆಬ್‌ಸೈಟಿಗೆ ರಿಬ್ಬನ್ ಕಟ್ಟುವುದಾದರೂ ಎಲ್ಲಿ?

ನಮಗೆ ಬೇಕಾಗಿರುವುದು ಕೈಯಲ್ಲಿ ಮುಟ್ಟಿ ನೋಡುವ ವಸ್ತು, ಲಾರಿಯಲ್ಲಿ ಬಂದು ಇಳಿಯುವಂಥದ್ದು. ಆಕಾಶದಿಂದ ಬಂದರೂ ಆದೀತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿತು, ಶಿಕ್ಷಣಕ್ಕಾಗಿಯೇ ಅಂತ ಮಾಡಿದ ಉಪಗ್ರಹ. ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಮೇಲೆ ಡಿಶ್ ಕೂತವು. ಉಪಗ್ರಹ 2010ರಲ್ಲಿ ನಿವೃತ್ತಿ ಆಯಿತು. ನಮ್ಮ ಶಿಕ್ಷಣ ಇಲಾಖೆಯಲ್ಲಿ ನಿವೃತ್ತರಾದವರ ಜಾಗ ಖಾಲಿ ಬಿಡುವುದು ರೂಢಿ, ಉಪಗ್ರಹಕ್ಕೂ ಅದೇ ಮರ್ಯಾದೆ ಸಿಕ್ಕಿತು. ಆಮೇಲೆ ಸಿಡಿಗಳ ಕಾಲ. ಆಗಿನ ಪಾಠಗಳಲ್ಲಿ ಎಷ್ಟೋ ಚಿತ್ರಕ್ಕೆ ಚಲನೆ ಕೊಡುವ ಸಾಫ್ಟ್‌ವೇರ್ ಆದ ಫ್ಲ್ಯಾಶ್‌ನಲ್ಲಿ ಮಾಡಿದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಫ್ಲ್ಯಾಶ್‌ಗೆ ಎಳ್ಳುನೀರು ಬಿಟ್ಟಿತು. ಎಂಟನೇ ಕ್ಲಾಸಿನ ಮಕ್ಕಳಿಗೆ ತೋರಿಸಲು ಇಟ್ಟಿದ್ದ, ಲಬ್ ಡಬ್ ಅಂತ ಬಡಿದುಕೊಳ್ಳುವ ಹೃದಯಗಳೆಲ್ಲ ಒಂದೇ ಸಲ ನಿಂತವು. ಸಿಡಿ ಮಾತ್ರ ರಿಜಿಸ್ಟರಿನಲ್ಲಿ ‘ಸುಸ್ಥಿತಿಯಲ್ಲಿದೆ’.

ಖಾಸಗಿ ಶಾಲೆಗಳ ಕಥೆ ಬೇರೆ ಅಂದುಕೊಳ್ಳಬೇಡಿ. ಅಲ್ಲಿ ಬೆಡ್‌ಶೀಟ್ ಇರುವುದಿಲ್ಲ, ಫೀಸ್ ರಸೀದಿಯಲ್ಲಿ ಒಂದು ಸಾಲು ಜಾಸ್ತಿ ಇರುತ್ತದೆ. ಬೋರ್ಡಿನಲ್ಲಿ ಪಠ್ಯಪುಸ್ತಕದ ಪಿಡಿಎಫ್ ಬರುತ್ತದೆ, ಮಿಸ್ ಅದನ್ನು ಓದುತ್ತಾರೆ. ಪುಟ ತಿರುಗಿಸಿದಾಗ ಸರ್ರನೆ ಕಾಗದದ ಸದ್ದು ಬರುತ್ತದಲ್ಲ, ಆ ರಸೀದಿ ಸಾಲು ಅದಕ್ಕೇ. ಆಗಾಗ ಯೂಟ್ಯೂಬ್ ಹಾಕುತ್ತಾರೆ. ದ್ಯುತಿಸಂಶ್ಲೇಷಣೆಗೆ ಮೊದಲು ಯಾವುದೋ ಜಾಹೀರಾತು. ಇಡೀ ಕ್ಲಾಸು ‘ಮಿಸ್, ಸ್ಕಿಪ್! ಸ್ಕಿಪ್!’ ಅಂತ ಕೂಗುತ್ತದೆ. ದಿನದಲ್ಲಿ ಮಕ್ಕಳು ಮನಸ್ಸಿಟ್ಟು ಭಾಗವಹಿಸುವ ಗಳಿಗೆ ಅದೊಂದೇ. ಇನ್ನು ಕಹೂಟ್ ಎಂಬ ಕ್ವಿಜ್ ಇದೆ, ನಾರ್ವೆಯವರದು. ಬೇಗ ಒತ್ತಿದವರಿಗೆ ಜಾಸ್ತಿ ಪಾಯಿಂಟ್. ಅದರ ಗುಟ್ಟು ಮಕ್ಕಳು ಮೊದಲ ದಿನವೇ ಕಂಡುಹಿಡಿದರು: ಪ್ರಶ್ನೆ ಓದುವುದು ಸುಮ್ನೆ ಟೈಮ್ ವೇಸ್ಟ್.

ಸರ್ಕಾರಿ ಶಾಲೆಯಲ್ಲಿ ಇಂಟರ್‌ನೆಟ್ ಬರುವುದೇ ಇಲ್ಲ ಅಂದರೆ ತಪ್ಪಾಗುತ್ತದೆ. ಬೇಕಾದಾಗ ಬರುತ್ತದೆ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ತಂದರಲ್ಲ, ಆಗ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂತು, ನೆಟ್ ಬಂತು, ಮಕ್ಕಳು ಬರೆಯುವುದನ್ನು ಜಿಲ್ಲಾ ಕೇಂದ್ರದಲ್ಲಿ ಕೂತು ಲೈವ್ ನೋಡುವ ಏರ್ಪಾಡೂ ಆಯಿತು. ಹತ್ತು ವರ್ಷ ಕಲಿಸುವಾಗ ಸಿಗದ ಸಿಗ್ನಲ್ ಪರೀಕ್ಷೆಯ ಮೂರು ಗಂಟೆ ಗಟ್ಟಿಯಾಗಿ ಸಿಕ್ಕಿತು. ನಕಲು ತಡೆದದ್ದು ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ. ಆ ವರ್ಷದ ಫಲಿತಾಂಶ 83.89ರಿಂದ 73.40 ಶೇಕಡಕ್ಕೆ ಇಳಿಯಿತು, ಅದೂ ಗ್ರೇಸ್ ಮಾರ್ಕ್ಸ್ ಏರಿಸಿದ ಮೇಲೆ. ಕ್ಯಾಮೆರಾ ಇಟ್ಟವರಿಗೆ ಅದು ಕ್ಲಾಸಿನ ಕಡೆಗೂ ಒಮ್ಮೆ ತಿರುಗಬಹುದಿತ್ತು ಅಂತ ಯಾಕೋ ಹೊಳೆಯಲಿಲ್ಲ.

ನೆಟ್ ಬರುವ ಇನ್ನೊಂದು ಜಾಗ ಮೇಷ್ಟ್ರ ಮೊಬೈಲು. ನಿಜ ಹೇಳಬೇಕೆಂದರೆ ನಮ್ಮ ತರಗತಿಗಳಲ್ಲಿ ಸವಾಲ್ ಜವಾಬ್ ನಡೆಯುತ್ತಿರುವುದು ವೆಬ್‌ಗೂ ಮಕ್ಕಳಿಗೂ ಅಲ್ಲ, ವೆಬ್‌ಗೂ ಮೇಷ್ಟ್ರಿಗೂ. ವೆಬ್ ಕೇಳುತ್ತದೆ, ಮೇಷ್ಟ್ರು ಉತ್ತರಿಸುತ್ತಾರೆ. ಇವತ್ತು ಎಷ್ಟು ಮಕ್ಕಳು ಊಟ ಮಾಡಿದರು? ಎಷ್ಟು ಮೊಟ್ಟೆ, ಎಷ್ಟು ಬಾಳೆಹಣ್ಣು? ರಾಜ್ಯದ ವಿದ್ಯಾರ್ಥಿ ಮಾಹಿತಿ ಪೋರ್ಟಲ್ ಎಸ್‌ಎಟಿಎಸ್‌ನಲ್ಲಿ ಹಾಕಿದಿರಾ? ಹಾಕಿದ್ದನ್ನೇ ಕೇಂದ್ರದ ಪೋರ್ಟಲ್ ಯುಡೈಸ್‌ನಲ್ಲೂ ಹಾಕಿದಿರಾ? ಪ್ರತಿ ಮಗುವಿಗೂ ಕೊಡುವ ಗುರುತಿನ ಸಂಖ್ಯೆ, ಅಪಾರ್ ಐಡಿ ಆಯಿತಾ? ಆಗಲಿಲ್ಲ, ಯಾಕೆಂದರೆ ಹಾಜರಿ ಪುಸ್ತಕದ ಮಂಜುನಾಥ ಆಧಾರಿನಲ್ಲಿ ಮಂಜುನಾಥ್ ಆಗಿದ್ದಾನೆ, ಅವನ ಅಪ್ಪನ ಫೋನಿಗೆ ಓಟಿಪಿ ಹೋಗಿದೆ, ಅಪ್ಪ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದಾನೆ, ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಮೇಷ್ಟ್ರು ಕಾಯುತ್ತಾರೆ. ಮಕ್ಕಳೂ ಕಾಯುತ್ತಾರೆ. ಸರ್ವರ್ ಬಿಜಿ. ಹೋಮ್‌ವರ್ಕ್ ಮಾಡದ ಹುಡುಗ ನಿಲ್ಲುವ ಹಾಗೆ ಮೇಷ್ಟ್ರು ಕಿಟಕಿ ಪಕ್ಕ ಫೋನ್ ಎತ್ತಿ ಹಿಡಿದು ನಿಂತಿರುತ್ತಾರೆ. 2025ರ ದಸರಾದಲ್ಲಿ ಜಾತಿ ಸಮೀಕ್ಷೆಯ ಆ್ಯಪ್ ಹಿಡಿದು ಮನೆಮನೆ ಸುತ್ತಿದವರೂ ಇವರೇ. ಮುಗಿಯಲಿಲ್ಲ ಅಂತ ಅಕ್ಟೋಬರ್ 18ರವರೆಗೆ ಶಾಲೆಗೇ ರಜೆ ಕೊಟ್ಟರು. ಆ್ಯಪ್‌ಗಾಗಿ ಕ್ಲಾಸ್ ನಿಲ್ಲಿಸಿದ್ದೇವೆ, ಕ್ಲಾಸಿಗಾಗಿ ಯಾವತ್ತಾದರೂ ಆ್ಯಪ್ ನಿಲ್ಲಿಸಿದ ಉದಾಹರಣೆ ಇದ್ದರೆ ತಿಳಿಸಿ.

ತರಗತಿಯಲ್ಲಿ ಮೊಬೈಲ್ ಮುಟ್ಟಬಾರದು ಎಂಬ ಸೂಚನೆಯೂ ಇದೆ. ಅದು ಬರುವುದು ವಾಟ್ಸ್‌ಆ್ಯಪ್‌ನಲ್ಲಿ, ಕ್ಲಾಸ್ ನಡೆಯುವ ಹೊತ್ತಿನಲ್ಲಿ. ನೋಡಿದ್ದಕ್ಕೆ ಕೂಡಲೇ ಹೆಬ್ಬೆಟ್ಟು ಒತ್ತಬೇಕು. ಇಲ್ಲದಿದ್ದರೆ ಯಾಕೆ ನೋಡಿಲ್ಲ ಅಂತ ಇನ್ನೊಂದು ಮೆಸೇಜ್. ಮಕ್ಕಳ ಪಠ್ಯಪುಸ್ತಕದಲ್ಲಿ 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕಲಿಕಾ ವೇದಿಕೆ ದೀಕ್ಷಾದ ಕ್ಯೂಆರ್ ಕೋಡ್ ಇದೆ. ಸ್ಕ್ಯಾನ್ ಮಾಡಿದರೆ ಪಾಠದ ವಿಡಿಯೋ ಬರುತ್ತದೆ. ಸ್ಕ್ಯಾನ್ ಮಾಡಲು ಮಗುವಿನ ಹತ್ತಿರ ಫೋನಿಲ್ಲ, ಮೇಷ್ಟ್ರು ತೆಗೆದರೆ ಶಿಸ್ತು ಕ್ರಮ. ಹೀಗಾಗಿ ಆ ಚೌಕಗಳಿಗೆ ಮಕ್ಕಳು ಪೆನ್ಸಿಲ್‌ನಲ್ಲಿ ಬಣ್ಣ ತುಂಬಿ ಚದುರಂಗ ಮಾಡಿಕೊಂಡಿದ್ದಾರೆ. ಪಾಪ, ಅವರಾದರೂ ಏನೋ ಒಂದು ಉಪಯೋಗ ಕಂಡುಕೊಂಡರು.

ಇಷ್ಟರ ನಡುವೆ ಬೋರ್ಡಿಗೂ ತಿಂಗಳಿಗೊಮ್ಮೆ ಶುಭ ಗಳಿಗೆ ಬರುತ್ತದೆ. ಅದು ವರದಿಯ ದಿನ. ನಮ್ಮ ಕಡೆಯ ಒಬ್ಬ ಮೇಡಂಗೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಫೋನ್ ಮಾಡಿದ್ದರು. ಪಾಪ ಅವರದ್ದೂ ತಪ್ಪಲ್ಲ, ಅವರಿಗೆ ಮೇಲಿನವರು, ಮೇಲಿನವರಿಗೆ ಇನ್ನೂ ಮೇಲಿನವರು ಕೇಳುತ್ತಿರುತ್ತಾರೆ.

‘ಮೇಡಂ, ಸ್ಮಾರ್ಟ್ ಕ್ಲಾಸ್ ಬಳಕೆ ಫೋಟೋ ನಿಮ್ಮ ಶಾಲೆದೊಂದೇ ಬಾಕಿ.’

‘ಬೆಳಗ್ಗೆಯಿಂದ ಕರೆಂಟ್ ಇಲ್ಲ ಸರ್.’

‘ಫೋಟೋದಲ್ಲಿ ಕರೆಂಟ್ ಎಲ್ಲಿ ಕಾಣುತ್ತೆ? ಇಬ್ಬರು ಮಕ್ಕಳ ಕೈಲಿ ಮುಟ್ಟಿಸಿ ತೆಗೀರಿ.’

‘ಬೋರ್ಡ್ ಪೂರ್ತಿ ಕಪ್ಪಗೆ ಬರುತ್ತಲ್ಲ ಸರ್?’

‘ಬೋರ್ಡ್ ಅಂದ್ಮೇಲೆ ಕಪ್ಪಗೇ ಅಲ್ವಾ ಮೇಡಂ ಇರೋದು? ಐದು ಗಂಟೆಯೊಳಗೆ ಕಳಿಸಿಬಿಡಿ.’