ತಲೆಯಿಲ್ಲದ ಟಿವಿ

ಇವತ್ತು ಬೆಳಿಗ್ಗೆ ಆರೂ ಮುಕ್ಕಾಲಿಗೆ, ಓಣಿಯವರೆಲ್ಲ ಹಾಲಿನ ಪಾಕೀಟು ತರಲು ಹೊರಟಿದ್ದ ಹೊತ್ತಿನಲ್ಲಿ, ನಾನು ನಮ್ಮ ಪಡಸಾಲೆಯ ನೆಲದ ಮೇಲೆ ಬೋರಲಾಗಿ ಬಿದ್ದುಕೊಂಡಿದ್ದೆ. ಎಡಗೈಯಲ್ಲಿ ಮೊಬೈಲಿನ ಬೆಳಕು, ಬಲಗೈಯಲ್ಲಿ ಅವ್ವ ಬಿಸಿ ಪಾತ್ರೆ ಇಳಿಸುವ ಇಕ್ಕಳ. ಕೆನ್ನೆ ಗೋಡೆಯ ಸುಣ್ಣಕ್ಕೆ ಅಂಟಿಕೊಂಡಿತ್ತು. ಟ್ರಂಕಿಗೂ ಗೋಡೆಗೂ ನಡುವಿನ ನಾಲ್ಕು ಬೆರಳಿನ ಸಂದಿಯಲ್ಲಿ ಅಪ್ಪನ ಚಾಳೀಸು ಬಿದ್ದಿತ್ತು. ಅದರ ಒಂದು ಕಾಲು ಮಾತ್ರ ಮೇಲಕ್ಕೆತ್ತಿಕೊಂಡು, ಸತ್ತ ಮಿಡತೆಯ ಹಾಗೆ ಕಾಣುತ್ತಿತ್ತು. ನನ್ನ ಬೆನ್ನ ಹಿಂದೆ ಅಪ್ಪ ತೊಡೆಯ ಮೇಲೆ ಪೇಪರು ಇಟ್ಟುಕೊಂಡು ಕುರ್ಚಿಯಲ್ಲಿ ಕುಳಿತು, "ಇನ್ನೂ ಸ್ವಲ್ಪ ಎಡಕ್ಕೆ, ಹಾಂ, ಹಾಗೇ" ಎಂದು ಅಪ್ಪಣೆ ಕೊಡುತ್ತಿದ್ದರು. ಅವರು ಕುಳಿತಲ್ಲಿಂದ ಸಂದಿ ಕಾಣುವಂತೆಯೇ ಇರಲಿಲ್ಲ.

ಹೊಸ ಟಿವಿ ಮನೆಗೆ ಬಂದು ಇಂದಿಗೆ ಇಪ್ಪತ್ತಾರು ದಿನ. ನಾನು ಇಕ್ಕಳ ಹಿಡಿದು ನೆಲಕ್ಕೆ ಬಿದ್ದದ್ದು ಒಂಬತ್ತನೆಯ ಸಲ.

ಟಿವಿ ಹೇಗಿದೆ ಎಂದು ಕಚೇರಿಯಲ್ಲಿ ಎಲ್ಲರೂ ಕೇಳುತ್ತಾರೆ. ಚಿತ್ರ ಬಹಳ ಚೆನ್ನಾಗಿದೆ, ಆದರೆ ತಲೆ ಇಲ್ಲ ಎನ್ನುತ್ತೇನೆ. ಅವರು ನಗುತ್ತಾರೆ. ನಗುವವರ ಮನೆಯಲ್ಲಿ ಹಳೆಯ ಡಬ್ಬಿ ಟಿವಿ ಇನ್ನೂ ಇರಬೇಕು, ಇಲ್ಲವೇ ಅವರ ಅಪ್ಪನಿಗೆ ಚಾಳೀಸು ಬಂದಿರಲಿಕ್ಕಿಲ್ಲ.

ನಮ್ಮ ಹಳೆಯ 21 ಇಂಚಿನ ಟಿವಿಗೆ ಎಂಥ ತಲೆಯಿತ್ತು! ಅದರ ಮೇಲೆ ಅವ್ವ ಹೆಣೆದ ಕ್ರೋಶಾ ಬಟ್ಟೆ, ಬಟ್ಟೆಯ ಮೇಲೆ ಮಂತ್ರಾಲಯದಿಂದ ತಂದ ರಾಯರ ಪಟ, ಪಕ್ಕದಲ್ಲಿ ತಲೆ ಅಲ್ಲಾಡಿಸುವ ಚನ್ನಪಟ್ಟಣದ ಗೊಂಬೆ. ಇವು ಕಾಯಂ ನಿವಾಸಿಗಳು. ಬಂದುಹೋಗುವವರಲ್ಲಿ ಸ್ಕೂಟರಿನ ಕೀಲಿ, ಕರೆಂಟ್ ಬಿಲ್ಲು, ರಬ್ಬರ್ ಬ್ಯಾಂಡ್ ಹಾಕಿದ ಬಿಪಿ ಗುಳಿಗೆ, ರೇಷನ್ ಕಾರ್ಡು, ಚಿಲ್ಲರೆ, ಮತ್ತು ರಾತ್ರಿ ಅಪ್ಪನ ಚಾಳೀಸು. ಮನೆಯಲ್ಲಿ ಏನೇ ಕಳೆದರೂ "ಟಿವಿ ಮೇಲೆ ನೋಡು" ಎಂಬ ಒಂದೇ ಉತ್ತರವಿತ್ತು, ಹತ್ತಕ್ಕೆ ಎಂಟು ಸಲ ಅದು ಸರಿಯಾಗಿಯೂ ಇರುತ್ತಿತ್ತು. ಚಳಿಗಾಲದಲ್ಲಿ ಅಲ್ಲೇ ಬೆಚ್ಚಗೆ ಬೆಕ್ಕು ಮಲಗುತ್ತಿತ್ತು. ಬಾಲ ಇಳಿಬಿಟ್ಟು ವಾರ್ತೆ ಓದುವವರ ಹಣೆಯ ಮೇಲೆ ಆಡಿಸುತ್ತಿತ್ತು. ಆ ಟಿವಿಯನ್ನು ಇಬ್ಬರು ಹಿಡಿದು ಹೊರಗೆ ತಂದಾಗ ಗುಜರಿಯವನು ಇನ್ನೂರು ರೂಪಾಯಿ ಕೊಟ್ಟ. ಟಿವಿ ಹೋಯಿತು, ಸರಿ. ಅದರ ಜೊತೆಗೆ ನಮ್ಮ ಮನೆಯ ಒಂದು ಕಪಾಟು, ಒಂದು ದೇವರ ಗೂಡು ಮತ್ತು ಬೆಕ್ಕಿನ ಹಾಸಿಗೆಯೂ ಹೋದವು ಎಂಬುದು ಮರುದಿನ ಸ್ಕೂಟರಿನ ಕೀಲಿ ಹುಡುಕುವಾಗ ತಿಳಿಯಿತು.

ಹೊಸ ಟಿವಿ ಕೊಂಡದ್ದು ರಾಯಚೂರಿನ ತೀನ್ ಕಂದಿಲ್ ಕಡೆಯ ಒಂದು ಅಂಗಡಿಯಲ್ಲಿ. 43 ಇಂಚು ಎಂದರು, ದುಡ್ಡು ಕೊಟ್ಟು ಬಂದೆವು. ಅಪ್ಪ ಮೂವತ್ತೈದು ವರ್ಷ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದವರು. ಪೆಟ್ಟಿಗೆ ಬಿಚ್ಚಿದ್ದೇ ತಡ, ಅವ್ವನ ಹೊಲಿಗೆ ಯಂತ್ರದ ಖಾನೆಯಿಂದ ಟೇಪು ತಂದು ಗಾಜಿನ ಅಡ್ಡಕ್ಕೆ ಹಿಡಿದರು. ಮೂವತ್ತೇಳೂವರೆ. ಟೇಪನ್ನು ಕೊಡವಿ ಮತ್ತೆ ಹಿಡಿದರು. ಮತ್ತೆ ಮೂವತ್ತೇಳೂವರೆ. "ಐದೂವರೆ ಇಂಚು ನುಂಗಿದ್ದಾರೆ" ಎಂದು ತೀರ್ಪು ಕೊಟ್ಟರು. ಟಿವಿ ಕೂರಿಸಲು ಬಂದ ಹುಡುಗ, "ಯಜಮಾನರೇ, ಇದನ್ನು ಮೂಲೆಯಿಂದ ಮೂಲೆಗೆ ಅಳೆಯಬೇಕು" ಎಂದ. ಅಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಂಗಿ ಬಟ್ಟೆಯನ್ನು ನಾನು ಹಾಗೆ ಅಳೆದು ಕೊಟ್ಟಿದ್ದರೆ ಗಿರಾಕಿಗಳು ನನ್ನನ್ನು ಊರ ತುಂಬ ಅಟ್ಟಾಡಿಸುತ್ತಿದ್ದರು" ಎಂದರು. ಮನೆಗೆ ಬಂದವರಿಗೆಲ್ಲ ಈಗಲೂ ಹೇಳುತ್ತಾರೆ: "ಕರೆಯುವುದು ನಲವತ್ತಮೂರು, ಅಸಲು ಮೂವತ್ತೇಳೂವರೆ."

ಗೋಡೆಗೆ ತೂಗುಹಾಕಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ನಮ್ಮದು ಹಳೆಯ ಕಲ್ಲಿನ ಮನೆ. ಹುಡುಗ ಡ್ರಿಲ್ ಹಚ್ಚಿ ಐದು ನಿಮಿಷ ಬೆವರು ಸುರಿಸಿದ. ಗೋಡೆಯಲ್ಲಿ ಬೇವಿನ ಬೀಜ ಹಿಡಿಯುವಷ್ಟು ಗುಳಿ ಬಿತ್ತು, ಡ್ರಿಲ್ಲಿನ ಮೂತಿ ಮುರಿಯಿತು. ನಮ್ಮ ರಾಯಚೂರಿನ ಕೋಟೆಗೋಡೆಯಲ್ಲಿ ನಲವತ್ತು ಅಡಿ ಮೀರಿದ ಒಂದೇ ಕಲ್ಲು ಇದೆ, ಅದರ ಮೇಲೆ 1294ರ ಶಾಸನ ಕೆತ್ತಿದ್ದಾರೆ. ಅದನ್ನು ಬಂಡಿಯಲ್ಲಿ ಎಳೆದು ತಂದ ಜನರ ಊರಿನಲ್ಲಿ ಈಗ ನಾಲ್ಕು ರಂಧ್ರ ಹಾಕುವುದು ಆಗಲಿಲ್ಲ. ಹುಡುಗ ಎರಡು ಕಾಲು ಜೋಡಿಸಿ, "ಮೇಜಿನ ಮೇಲೆ ಇಟ್ಟುಕೊಳ್ಳಿ ಸರ್" ಎಂದು ಹೊರಟ. ಕಾಲುಗಳೋ ಎರಡು ತುದಿಗಳಲ್ಲಿ, ಒಂದು ಬಳ್ಳಾರಿಗೆ, ಒಂದು ಬೀದರಿಗೆ. ಹಳೆಯ ಮೇಜು ಎರಡೇ ಅಡಿ. ಅಷ್ಟು ಉದ್ದದ ಸಮತಟ್ಟು ಜಾಗ ಇಡೀ ಮನೆಯಲ್ಲಿ ಇದ್ದದ್ದು ಅವ್ವನ ಮದುವೆಯ ಟ್ರಂಕಿನ ಮೇಲೆ ಮಾತ್ರ.

ಟ್ರಂಕಿನಲ್ಲಿ ಅವ್ವನ ತವರಿನ ಹಿತ್ತಾಳೆ ಪಾತ್ರೆಗಳಿವೆ. ಈಗಿನ ಟಿವಿಗಳಲ್ಲಿ ಸ್ಪೀಕರು ಮುಂದೆ ಇರುವುದಿಲ್ಲ, ಕೆಳಗೆ ನೆಲ ನೋಡಿಕೊಂಡು ಇರುತ್ತದೆ. ಹೀಗಾಗಿ ಬರುವ ಸದ್ದೆಲ್ಲ ನೇರ ಟ್ರಂಕಿನ ತಗಡಿಗೆ ಬಡಿಯುತ್ತದೆ. ಧಾರಾವಾಹಿಯಲ್ಲಿ ಅತ್ತೆ ತಿರುಗಿ ನೋಡಿದಳೆಂದರೆ ಹಿನ್ನೆಲೆಯಲ್ಲಿ ಧಡ್ ಧಡ್ ಧಡ್, ಅದರ ಬೆನ್ನಿಗೆ ಟ್ರಂಕಿನೊಳಗಿಂದ ಕೊಡ, ತಂಬಿಗೆ, ಪರಾತಗಳ ಗಣಗಣ. ಒಂದು ರಾತ್ರಿ ಅವ್ವ ನಿದ್ದೆಗಣ್ಣಿನಲ್ಲಿ ಎದ್ದು ಬಂದು "ಮಂಗಳಾರತಿ ಆಯಿತೇ?" ಎಂದು ಕೇಳಿದಳು.

ಚಿತ್ರದ ವಿಷಯಕ್ಕೆ ಬಂದರೆ, ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿವೆ ಎಂದು ಹುಡುಗ ಹೇಳಿದ್ದ. ಲೆಕ್ಕ ಹಾಕಿದೆ, ಅಡ್ಡಕ್ಕೆ 3840, ಉದ್ದಕ್ಕೆ 2160, ಸುಳ್ಳೇನಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ಜಿಲ್ಲೆಯ ಜನಸಂಖ್ಯೆಯೇ 19 ಲಕ್ಷ ಚಿಲ್ಲರೆ. ತಲೆಗೆ ನಾಲ್ಕು ಚುಕ್ಕೆ ಹಂಚಿದರೂ ಮಿಗುತ್ತದೆ. ಆದರೆ ನಮ್ಮ ಕೇಬಲಿನಲ್ಲಿ ಬರುವ ಹಳೆಯ ಮಾದರಿಯ ವಾಹಿನಿಗಳು ಕಳಿಸುವುದು ನಾಲ್ಕು ಲಕ್ಷ ಚುಕ್ಕೆ. ಉಳಿದ 79 ಲಕ್ಷವನ್ನು ಟಿವಿ ತಾನೇ ಊಹಿಸಿ ತುಂಬಿಕೊಳ್ಳಬೇಕು. ಅದರ ಊಹೆಯಲ್ಲಿ ಎಲ್ಲರೂ ದಪ್ಪ. ಚೌಕ ಚಿತ್ರವನ್ನು ಅಡ್ಡಕ್ಕೆ ಎಳೆದು ಹಾಕುವುದರಿಂದ ಕಪ್ಪು ಬಿಳುಪು ಸಿನಿಮಾದ ಸಪೂರ ನಾಯಕಿಯರೂ ಬಾಣಂತಿಯರ ಹಾಗೆ ಕಾಣುತ್ತಾರೆ. "ಇವಳಿಗೆ ಈ ವಯಸ್ಸಿನಲ್ಲಿ ಸುಖ ಬಂದಿದೆ ನೋಡು" ಎನ್ನುತ್ತಾಳೆ ಅವ್ವ.

ಅವ್ವನಿಗೆ ರಿಮೋಟಿನಲ್ಲಿ ಮಾತನಾಡುವ ಗುಂಡಿ ತೋರಿಸಿಕೊಟ್ಟವಳು ನನ್ನ ಮಗಳು. ಅವ್ವ ರಿಮೋಟನ್ನು ಬಾಯಿಗೆ ತಾಗಿಸಿ, ಟ್ರಂಕ್ ಕಾಲ್ ಮಾಡುವ ಹಾಗೆ, "ಧಾರಾವಾಹಿ" ಎಂದು ಕೂಗಿದಳು. ಟಿವಿ ಒಂದು ಕ್ಷಣ ಯೋಚಿಸಿ ಧಾರವಾಡ ಪೇಡೆ ಮಾಡುವ ವಿಧಾನ ತೋರಿಸಿತು. ಅವ್ವ ಇಪ್ಪತ್ತು ನಿಮಿಷ ಕದಲದೆ ನೋಡಿ, ಎರಡು ಲೀಟರು ಹಾಲು ತಾ ಎಂದು ನನ್ನನ್ನು ಅಟ್ಟಿದಳು. ಪೇಡೆ ಆಗಲಿಲ್ಲ, ಹಲ್ಲು ಹೂಳುವ ಏನೋ ಒಂದು ಆಯಿತು. ಅದನ್ನೂ ತಿಂದೆವು.

ಕರೆಂಟಿನ ಕಥೆ ಬೇಡ. ಇಪ್ಪತ್ತು ಕಿಲೋಮೀಟರಿನೊಳಗೆ ಶಕ್ತಿನಗರದ ವಿದ್ಯುತ್ ಸ್ಥಾವರ, 1720 ಮೆಗಾವಾಟ್. ತಪ್ಪು ಅಲ್ಲಿಯದಲ್ಲ, ನಮ್ಮ ಓಣಿಯ ತಂತಿಗೆ ಮೈ ಉಜ್ಜುವ ಬೇವಿನ ಮರದ್ದು. ಅರೆ ಕ್ಷಣ ಹೋಗಿ ಬಂದರೂ ಟಿವಿ ಮೊದಲಿನಿಂದ ಕಣ್ಣು ಬಿಡಬೇಕು, ತನ್ನ ಹೆಸರು ತೋರಿಸಬೇಕು, ನಮಸ್ಕಾರ ಹೇಳಬೇಕು. ಅಷ್ಟರಲ್ಲಿ ವಿಕೆಟ್ ಬಿದ್ದಿರುತ್ತದೆ.

ಇವೆಲ್ಲವನ್ನೂ ಸಹಿಸಿಕೊಂಡೇನು. ಚಾಳೀಸಿನದ್ದು ಮಾತ್ರ ಆಗುತ್ತಿಲ್ಲ.

ಅಪ್ಪನ ಕ್ರಮ ಇದು. ರಾತ್ರಿ ಒಂಬತ್ತೂವರೆಯ ತನಕ ವಾರ್ತೆ. ಮಧ್ಯೆ ಜಾಹೀರಾತು ಬಂದಾಗ ಬೆಳಗಿನ ಪೇಪರಿನಲ್ಲಿ ಉಳಿದದ್ದನ್ನು ಓದುವುದು, ಅದಕ್ಕೆ ಚಾಳೀಸು. ವಾರ್ತೆ ಮುಗಿದ ಮೇಲೆ ರಿಮೋಟಿನಿಂದ ಆರಿಸುವುದು ಸೋಮಾರಿಗಳ ಲಕ್ಷಣ ಎಂದು ನಂಬಿದವರು ಅವರು. ಆದ್ದರಿಂದ ಎದ್ದು ಟಿವಿಯ ಬಳಿಗೆ ಹೋಗುತ್ತಾರೆ. ಎಡಗೈ ಗೋಡೆಯ ಗುಂಡಿ ಆರಿಸುತ್ತದೆ. ಅದೇ ಹೊತ್ತಿಗೆ ಬಲಗೈ ಚಾಳೀಸು ತೆಗೆದು, ಹೆಬ್ಬೆರಳಿನಿಂದಲೇ ಕಾಲು ಮಡಿಸಿ, ಟಿವಿಯ ಮೇಲೆ ಇಡುತ್ತದೆ. ಹದಿನೇಳು ವರ್ಷ ಹಳೆಯ ಟಿವಿಯ ಮುಂದೆ ಇದನ್ನೇ ಮಾಡಿದ ಕೈಗಳು. ಹೊಸ ಟಿವಿಯ ಮೇಲಂಚು ನನ್ನ ಕಿರುಬೆರಳಿಗಿಂತ ತೆಳ್ಳಗಿದೆ. ವಿಚಿತ್ರವೆಂದರೆ ಚಾಳೀಸು ಕೂಡಲೇ ಬೀಳುವುದಿಲ್ಲ. ತಂತಿಯ ಮೇಲೆ ಗುಬ್ಬಿ ಕುಳಿತಂತೆ ಮೂರು ನಾಲ್ಕು ಕ್ಷಣ ಕೂರುತ್ತದೆ. ಅಪ್ಪ ಅಷ್ಟರಲ್ಲಿ ಬೆನ್ನು ತಿರುಗಿಸಿ ಹೊರಟಿರುತ್ತಾರೆ. ಆಮೇಲೆ ಅದು ಮೆಲ್ಲಗೆ ಹಿಂದಕ್ಕೆ ವಾಲುತ್ತದೆ. ಮೊದಲು ಟಿವಿಯ ಬೆನ್ನಿನ ಗೂನಿಗೆ ಟಕ್, ನಂತರ ಗೋಡೆಗುಂಟ ಸರ್ರ್, ಕೊನೆಗೆ ಟ್ರಂಕಿನ ಹಿಡಿಕೆಗೆ ತಾಗಿ ಟಣ್. ಕೋಣೆಯ ಬಾಗಿಲಲ್ಲಿ ಅಪ್ಪ ನಿಂತು ಮನೆಯವರನ್ನೆಲ್ಲ ಉದ್ದೇಶಿಸಿ ಹೇಳುತ್ತಾರೆ: "ಏನೋ ಬಿದ್ದ ಹಾಗಾಯಿತು, ನೋಡಿ."

ಹೇಳಿದ ದಿನ ಇಡುವುದಿಲ್ಲ, ಮರೆತ ದಿನ ಇಡುತ್ತಾರೆ. ಟ್ರಂಕನ್ನು ಸರಿಸೋಣವೆಂದರೆ ಮೇಲೆ ಟಿವಿ, ಒಳಗೆ ಹಿತ್ತಾಳೆ. ಟಿವಿಯನ್ನು ಇಳಿಸೋಣವೆಂದರೆ ಇಬ್ಬರು ಬೇಕು, ಹತ್ತು ತಂತಿ ಬಿಚ್ಚಬೇಕು. ಉಳಿದದ್ದು ಇಕ್ಕಳ. ಗೋಡೆಗೆ ಮೊಳೆ ಹೊಡೆಯೋಣವೆಂದರೆ ಕಲ್ಲಿನ ಕಥೆ ಹೇಳಿದ್ದೇನೆ. ನನ್ನ ಹೆಂಡತಿ ಪಕ್ಕದ ಕಿಟಕಿಯಲ್ಲಿ ಚಂದದ ಬಿದಿರಿನ ಬುಟ್ಟಿ ಇಟ್ಟಳು. ಮರುದಿನ ಅದರಲ್ಲಿ ಬೆಕ್ಕು ಮಲಗಿತ್ತು. ಅದಕ್ಕೂ ಪಾಪ ಮನೆ ಹೋಗಿತ್ತಲ್ಲ. ಕುತ್ತಿಗೆಗೆ ದಾರ ಕಟ್ಟಿ ತೂಗುಹಾಕಿಕೊಳ್ಳಿ ಎಂದರೆ, "ನಾನೇನು ಗಿರಣಿಯ ಲೆಕ್ಕಿಗನೇ?" ಎಂದರು. ಮಗಳು ಖಾಲಿ ಕಡ್ಡಿಪೆಟ್ಟಿಗೆಗಳನ್ನು ಎರಡು ಬದಿಗೂ ಅಂಟುವ ಪಟ್ಟಿಯಿಂದ ಟಿವಿಯ ಮೇಲಂಚಿಗೆ ಅಂಟಿಸಿ ಒಂದು ಕಟ್ಟೆ ಮಾಡಿದಳು. ಎರಡು ದಿನ ಎಲ್ಲವೂ ಸರಿಯಾಗಿತ್ತು. ಮೂರನೆಯ ರಾತ್ರಿ ಟಿವಿಯ ಬಿಸಿಗೋ ರಾಯಚೂರಿನ ಸೆಕೆಗೋ ಅಂಟು ಕರಗಿತು. ಚಾಳೀಸು ಒಂದೇ ಬೀಳುತ್ತಿದ್ದಲ್ಲಿ ಚಾಳೀಸೂ ಎರಡು ಕಡ್ಡಿಪೆಟ್ಟಿಗೆಗಳೂ ಬಿದ್ದವು. ಮೂರು ಸಲ ಇಕ್ಕಳ ಆಡಿಸಿದೆ.

ಇವತ್ತು ಬೆಳಿಗ್ಗೆ ನನಗೆ ಸಿಟ್ಟು ಬಂದದ್ದು ನಿಜ. ಚಾಳೀಸನ್ನು ಜೇಡರ ಬಲೆಯ ಸಮೇತ ಅವರ ಕೈಗಿಟ್ಟು, "ಅಪ್ಪಾ, ಇದು ಸಾಮಾನು ಇಡುವ ಟಿವಿ ಅಲ್ಲ, ನೋಡುವ ಟಿವಿ" ಎಂದೆ. ಧ್ವನಿ ಸ್ವಲ್ಪ ಏರಿತ್ತು. ಅವರು ಬನಿಯನ್ನಿನ ಅಂಚಿನಿಂದ ಗಾಜು ಒರೆಸುತ್ತ, ಕೂಡಲೇ ಏನೂ ಹೇಳಲಿಲ್ಲ. ಆಮೇಲೆ, "ಮೊದಲನೆಯದನ್ನು ಮುಟ್ಟಲಿಕ್ಕೇ ಬಿಡುತ್ತಿರಲಿಲ್ಲ" ಎಂದರು.

ಅವರು ಹೇಳುತ್ತಿದ್ದದ್ದು 1975ರ ಟಿವಿಯ ಮಾತು. ಆ ವರ್ಷದ ಆಗಸ್ಟ್ ಒಂದರಿಂದ ಒಂದು ವರ್ಷ, ಅಮೆರಿಕದ ಒಂದು ಉಪಗ್ರಹವನ್ನು ಎರವಲು ಪಡೆದು ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸಿದರು. ನಮ್ಮ ರಾಜ್ಯದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅಲ್ಲಿಯವರು ರೇಡಿಯೊಕ್ಕೆ ಕಿವಿ ಕೊಟ್ಟು ಕುಳಿತಿದ್ದಾಗ ನಮ್ಮ ಕಡೆಯ ಹಳ್ಳಿಯವರು ಆಕಾಶದಿಂದ ಇಳಿದ ಚಿತ್ರ ನೋಡುತ್ತಿದ್ದರು. ನಾವು ಮೊದಲಿಗರಾದ ವಿಷಯಗಳು ಹೆಚ್ಚಿಲ್ಲ, ಆದ್ದರಿಂದ ಇದನ್ನು ಎರಡು ಸಲ ಹೇಳಿದರೂ ಬೇಸರಿಸಬೇಡಿ.

ಅಪ್ಪನಿಗೆ ಆಗ ಹತ್ತು ವರ್ಷ. ಅವರ ಹಳ್ಳಿ ಪಟ್ಟಿಯಲ್ಲಿರಲಿಲ್ಲ, ಪಕ್ಕದ್ದಿತ್ತು. ಸಂಜೆ ಹೊಲದ ಬದುವಿನ ಮೇಲೆ ಮೂರು ಮೈಲಿ ನಡೆದು ಹೋಗುತ್ತಿದ್ದರಂತೆ. ಶಾಲೆಯ ಮಾಳಿಗೆಯ ಮೇಲೆ ಕೋಳಿಗೂಡಿನ ಜಾಲರಿಯಿಂದ ಮಾಡಿದ ದೊಡ್ಡ ಕೊಡೆ, ಜಗಲಿಯಲ್ಲಿ ಬೀಗ ಹಾಕಿದ ಪೆಟ್ಟಿಗೆ. ಬೀಗದ ಕೈ ಮಾಸ್ತರರ ಜನಿವಾರದಲ್ಲಿ. ಅವರು ಬಂದು, ಕೈ ತೊಳೆದುಕೊಂಡು, ಬಾಗಿಲು ತೆರೆಯುತ್ತಿದ್ದರು. "ಚುಕ್ಕೆ ಎಷ್ಟು ಲಕ್ಷ ಇದ್ದವೋ ಗೊತ್ತಿಲ್ಲ. ನನ್ನ ಮುಂದೆ ತಲೆಗಳು ಮಾತ್ರ ಇನ್ನೂರಿದ್ದವು" ಎಂದರು ಅಪ್ಪ. ತಲೆಗಳ ನಡುವಿನ ಸಂದಿಯಲ್ಲಿ ಭತ್ತಕ್ಕೆ ಗೊಬ್ಬರ ಹಾಕುವುದನ್ನೂ ಕುಣಿತವನ್ನೂ ಒಂದೇ ಆಸೆಯಿಂದ ನೋಡಿದರಂತೆ. ವರ್ಷ ತುಂಬಿತು, ಉಪಗ್ರಹವನ್ನು ಅದರ ಯಜಮಾನರು ವಾಪಸು ಕರೆಸಿಕೊಂಡರು. ಮಕ್ಕಳಿಗೆ ಇದನ್ನು ಯಾರು ಹೇಳಬೇಕು? ನಾಲ್ಕೈದು ದಿನ ಹಾಗೆಯೇ ನಡೆದು ಹೋಗಿ, ಬೀಗ ಹಾಕಿದ ಪೆಟ್ಟಿಗೆಯ ಮುಂದೆ ಕುಳಿತು, ಕತ್ತಲಾದ ಮೇಲೆ ಎದ್ದು ಬಂದರಂತೆ.

"ಆಮೇಲೆ ನಮ್ಮದೇ ಟಿವಿ ತಂದಾಗ," ಎಂದು ಅಪ್ಪ ಚಾಳೀಸು ಮೂಗಿಗೇರಿಸಿದರು, "ಮುಟ್ಟಬಹುದಲ್ಲ ಎಂದು ಏನಾದರೂ ಇಟ್ಟುಬಿಡುತ್ತಿದ್ದೆ." ಅಷ್ಟು ಹೇಳಿ ಪೇಪರು ಬಿಡಿಸಿದರು. ನಾನು ಇಕ್ಕಳ ಒಳಗಿಟ್ಟು ಸ್ನಾನಕ್ಕೆ ಹೋದೆ.

ಸಂಜೆ ಕಚೇರಿಯಿಂದ ಬರುವಾಗ ಫೋನಿನಲ್ಲಿ ಸಾಹೇಬರು. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, "ಆಗಲಿ ಸರ್, ನಾಳೆ ಬೆಳಿಗ್ಗೆಯೇ ಕಳಿಸುತ್ತೇನೆ ಸರ್" ಎನ್ನುತ್ತ ಬೂಟು ಬಿಚ್ಚಿ, ಪಡಸಾಲೆ ದಾಟುವಾಗ ಸ್ಕೂಟರಿನ ಕೀಲಿ ಇಟ್ಟೆ.

ಟಕ್. ಸರ್ರ್. ಟಣ್.

ಒಳಗಿನ ಕೋಣೆಯಿಂದ ಅಪ್ಪನ ಧ್ವನಿ ಬಂತು: "ಇಕ್ಕಳ ಒಲೆಯ ಪಕ್ಕದಲ್ಲಿದೆ ನೋಡಪ್ಪಾ."