ಬಾಲದ ಸದ್ದು ನಂಬಿಕೊಂಡು ಕೂರಬೇಡಿ

ನಾಯಿ ಜೊತೆ ಬೇಟೆಗೆ ಹೋಗುವವರು ರ್‍ಯಾಟಲ್‌ಸ್ನೇಕ್ (ಬಾಲ ಅಲ್ಲಾಡಿಸಿ ಸದ್ದು ಮಾಡುವ ವಿಷದ ಹಾವು) ಬಾಲದ ಸದ್ದು ಕೇಳಿದ ತಕ್ಷಣ ಹಿಂದೆ ಸರಿದರೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಸುಲಭ ಅಲ್ಲ. ನಾನು ಟೆಕ್ಸಾಸ್‌ನಲ್ಲಿದ್ದೇನೆ, ಪಕ್ಕದ ಮನೆಯವರ ಜೊತೆ ಎರಡು ಮೂರು ಸಲ ಡವ್ (ಪಾರಿವಾಳದ ಜಾತಿಯ ಹಕ್ಕಿ) ಬೇಟೆಗೆ ಹೋಗಿದ್ದೇನೆ (ಬಂದೂಕು ಮುಟ್ಟಿಲ್ಲ, ಸುಮ್ನೆ ನೋಡೋಕೆ). ಸೀಸನ್ ಶುರುವಾಗುವುದೇ ಸೆಪ್ಟೆಂಬರ್‌ನಲ್ಲಿ, ಆಗಿನ್ನೂ ಕೆಂಡದಂಥ ಬಿಸಿಲು. ಹಾವುಗಳು ತಂಪು ಹೊತ್ತಲ್ಲಿ ಓಡಾಡುತ್ತವೆ, ನಾವು ಹೋಗುವುದೂ ಅದೇ ಹೊತ್ತಿಗೆ, ಬಿಸಿಲೇರಿದ ಮೇಲೆ ಅವು ಪೊದೆಯ ನೆರಳಲ್ಲಿ ಸದ್ದಿಲ್ಲದೆ ಸುರುಳಿ ಸುತ್ತಿರುತ್ತವೆ, ಬಿದ್ದ ಹಕ್ಕಿ ಹುಡುಕುತ್ತಾ ನಾಯಿ ಮೂಗು ತೂರಿಸುವುದೂ ಅಲ್ಲಿಗೇ. ಪಕ್ಕದ ಮನೆಯವರ ಲ್ಯಾಬ್ರಡಾರ್‌ಗೆ ಕಚ್ಚಿದ್ದು ಹಾಗೇ, ಮೂತಿಗೆ. ಒಂದು ಸದ್ದೂ ಬರಲಿಲ್ಲ! ಮುಖ ಕುಂಬಳಕಾಯಿ ಥರ ಊದಿಕೊಂಡಿತು. ಅವರು ಮೊದಲು ಕಾಲರ್ ಬಿಚ್ಚಿದರು. ಗಾಯ ಕೊಯ್ಯಲಿಲ್ಲ, ಐಸ್ ಇಡಲಿಲ್ಲ, ನಡೆಸಲೂ ಇಲ್ಲ, ಎತ್ತಿಕೊಂಡೇ ಕಾರಿಗೆ ಓಡಿದರು. ಆಂಟಿವೆನಮ್ (ಹಾವಿನ ವಿಷಕ್ಕೆ ಮದ್ದು) ಕೊಡಿಸಿ ಬದುಕಿತು, ಬಿಲ್ ಮಾತ್ರ ಕೇಳಬೇಡಿ.

ಹಾವಿನ ವಾಸನೆ ಬಂದರೆ ದೂರ ಸರಿಯುವಂತೆ ನಾಯಿಗೆ ಇಲ್ಲಿ ತರಬೇತಿ ಕೊಡಿಸುತ್ತಾರೆ, ಅದನ್ನು ನೀವು ಬರೆಯಲೇ ಇಲ್ಲ. ಆ ಲ್ಯಾಬ್ರಡಾರ್ ಈಗ ತೋಟದ ಪೈಪ್ ಕಂಡರೂ ಬೊಗಳುತ್ತದೆ.