ಲೆನ್ಸಿನ ಮುಂದೆ ಇನ್ನೊಂದು ಗಾಜು ಬೇಕೇ?

ಪರ: ಕೆಸರಿನ ಪಕ್ಕ ಕೂತವನ ಮಾತು

ಕಂಬಳದ ಚಿತ್ರ ತೆಗೆಯುವವರೆಲ್ಲ ಕೊನೆಗೆ ಬಂದು ಸೇರುವುದು ಮಂಜೊಟ್ಟಿಯ ಹತ್ತಿರ. ಕೋಣಗಳು ಓಟ ಮುಗಿಸಿ ಏರುವ ಜಾಗ ಅದು. ಎದುರಿಗೆ ನುಗ್ಗಿ ಬರುವ ಜೋಡಿ, ಹಿಂದೆ ಓಡಿಸುವವನು, ಆಳೆತ್ತರಕ್ಕೆ ಚಿಮ್ಮುವ ನೀರು ಎಲ್ಲವೂ ಒಂದೇ ಚೌಕಟ್ಟಿನೊಳಗೆ ಬೀಳುತ್ತವೆ. ನೀರು ಎಂದೆನಲ್ಲ, ಅದು ಮರಳು ಬೆರೆತ ಕೆಸರು.

ಹಲವು ವರ್ಷಗಳಿಂದ ಅಲ್ಲಿ ಮೊಣಕಾಲೂರಿ ಕೂರುತ್ತಿದ್ದೇನೆ. ನನ್ನ ಪ್ರತಿಯೊಂದು ಲೆನ್ಸಿಗೂ ಫಿಲ್ಟರ್, ಅಂದರೆ ಮುಂದೆ ತಿರುಪಿ ಕೂರಿಸುವ ತೆಳು ಗಾಜು ಇದೆ, ಅದರ ಮುಂದೆ ಲೆನ್ಸಿನ ಬಾಯಿಯ ಸುತ್ತ ಕೂರುವ ಕೊಳವೆಯಂಥ ಹುಡ್ ಇದೆ. ಅಪ್ಪನಿಂದ ಬಂದ ಅಭ್ಯಾಸ. ಅವರ ಸ್ಟುಡಿಯೊದ 50 ಮಿ.ಮೀ. ಲೆನ್ಸಿನ ಮೇಲೆ ತೆಳು ಗುಲಾಬಿ ಛಾಯೆಯ ಸ್ಕೈಲೈಟ್ ಫಿಲ್ಟರ್ ಸದಾ ಇರುತ್ತಿತ್ತು. ಫಿಲ್ಮು ಅತಿನೇರಳೆ ಕಿರಣಗಳಿಗೂ ಸ್ಪಂದಿಸುತ್ತಿದ್ದುದರಿಂದ ದೂರದ ಘಟ್ಟಗಳು ಚಿತ್ರದಲ್ಲಿ ನೀಲಿ ಮಬ್ಬಾಗಿ ಬರುತ್ತಿದ್ದವು, ಅದಕ್ಕೆ ಈ ಫಿಲ್ಟರ್. ಅಪ್ಪನಿಗೆ ಆ ಕಾರಣ ಬೇಕಿರಲಿಲ್ಲ. ‘ಗಾಜು ಹೋದರೆ ಹೊಸದು ತರಲು ದುಡ್ಡು ಯಾರು ಕೊಡುತ್ತಾರೆ?’ ಎನ್ನುತ್ತಿದ್ದರು. ನನ್ನ ವಾದವೂ ಇಷ್ಟೇ.

ಒಂದು ವರ್ಷ ಕನೆಹಲಗೆಯ ಸರದಿ ನಡೆಯುತ್ತಿತ್ತು. ಕನೆಹಲಗೆಯಲ್ಲಿ ವೇಗಕ್ಕೆ ಬೆಲೆ ಇಲ್ಲ. ಹಲಗೆಯ ಮೇಲೆ ನಿಂತವನು ಅದರ ತೂತುಗಳಿಂದ ನೀರನ್ನು ಮೇಲೆ ಕಟ್ಟಿದ ನಿಶಾನೆಗೆ ಮುಟ್ಟಿಸಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಎತ್ತರ. ನಾನು ಕ್ಯಾಮೆರಾ ಎತ್ತಿ ನಿಶಾನೆಯನ್ನೇ ನೋಡುತ್ತಿದ್ದೆ, ಕೋಣಗಳನ್ನಲ್ಲ. ಜೋಡಿ ನನ್ನ ಭುಜ ಸವರಿಕೊಂಡಂತೆ ಏರಿತು. ಮುಖ, ಅಂಗಿ, 70–200 ಲೆನ್ಸ್ ಎಲ್ಲಕ್ಕೂ ಒಂದೇ ಬಣ್ಣ. ಅವಸರದಲ್ಲಿ ಹೆಗಲ ಬೈರಾಸಿನಿಂದ ಗಾಜನ್ನು ಒರೆಸಿಬಿಟ್ಟೆ. ಮರಳು ಕರಕರ ಎಂದದ್ದು ಕಿವಿಗಿಂತ ಮೊದಲು ಬೆರಳಿಗೆ ತಿಳಿಯಿತು. ಫಿಲ್ಟರ್ ತಿರುಗಿಸಿ ತೆಗೆದರೆ ಒಳಗಿನ ಗಾಜು ಅಂಗಡಿಯಿಂದ ತಂದ ದಿನದ ಹಾಗೆಯೇ ಇತ್ತು. ಮುಂದಿನ ಜೋಡಿ ಓಟ ಶುರುವಾಗುವ ಗಂತಿನಿಂದ ಹೊರಡುವ ಹೊತ್ತಿಗೆ ಜೇಬಿನಲ್ಲಿದ್ದ ಇನ್ನೊಂದನ್ನು ಹಾಕಿಕೊಂಡು ಕೂತಿದ್ದೆ. ಆ ಜೋಡಿಯ ಚಿತ್ರ ಈಗ ಕೋಣಗಳ ಯಜಮಾನರ ಮನೆಯ ಚಾವಡಿಯಲ್ಲಿದೆ. ಹೋದಾಗಲೆಲ್ಲ ಎಳನೀರು ಕೊಟ್ಟು, ‘ಆ ದಿನ ನಮ್ಮ ಕೋಣಗಳಿಗಿಂತ ನೀವೇ ಹೆಚ್ಚು ಕೆಸರಾಗಿದ್ದಿರಿ ಮಾರಾಯರೆ’ ಎನ್ನುತ್ತಾರೆ. ಗೀರು ಬಿದ್ದ ಫಿಲ್ಟರ್ ನನ್ನ ಮೇಜಿನ ಡ್ರಾಯರಿನಲ್ಲಿದೆ. ವಾದಕ್ಕೆ ಬಂದವರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ.

ಹುಡ್ ಒಂದೇ ಸಾಕು ಎನ್ನುವವರಿದ್ದಾರೆ. ಹುಡ್ ಎಂದರೆ ಬಾಯಿ ತೆರೆದ ಡಬ್ಬ, ಎದುರಿನಿಂದ ಬಂದ ಕೆಸರು ನೇರ ಒಳಗೇ ಹೋಗುತ್ತದೆ. ಕ್ಯಾನನ್ ಕಂಪನಿಯೇ ತನ್ನ 17–40 ಮಿ.ಮೀ. ಲೆನ್ಸಿಗೆ ಮುಂದೆ ಫಿಲ್ಟರ್ ಹಾಕಿದರಷ್ಟೇ ಧೂಳು, ನೀರಿನ ತಡೆ ಪೂರ್ಣವಾಗುತ್ತದೆ ಎಂದಿದೆ. ತಯಾರಿಸಿದವರಿಗಿಂತ ಹೆಚ್ಚು ತಿಳಿದವರು ಬೇಕೇ?

ಇನ್ನು ರಾತ್ರಿಯ ಹೊನಲು ಬೆಳಕಿನಲ್ಲಿ ಫಿಲ್ಟರಿನಿಂದ ದೀಪದ ಪ್ರತಿಬಿಂಬ ಬೀಳುತ್ತದೆ ಎಂಬ ದೂರು. ಬೀಳಲಿ ಬಿಡಿ. ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿ ಮೂಲೆಯಲ್ಲಿ ಚುಕ್ಕೆ ಎಣಿಸುವವರಿಗೆ ಕೋಣ ಕಾಣಿಸಿರುತ್ತದೆಯೇ?

ವಿರೋಧ: ಬೇಡ ಎನ್ನಲು ಕಾರಣಗಳಿವೆ

‘ಪರ’ಕ್ಕೆ ಆಗಲೇ ಜನ ಸಿಕ್ಕಿದ್ದರಿಂದ ಸಂಪಾದಕರು ನನಗೆ ವಿರೋಧವನ್ನು ಒಪ್ಪಿಸಿದರು. ಒಪ್ಪಿಕೊಂಡ ಮೇಲೆ ಬರೆಯಲೇಬೇಕು.

ಡಿಜಿಟಲ್ ಕ್ಯಾಮೆರಾದ ಸೆನ್ಸರಿನ ಮುಂದೆ ಅತಿನೇರಳೆಯನ್ನು ತಡೆಯುವ ಪದರ ಆಗಲೇ ಇರುತ್ತದೆ. ಹಾಗಾಗಿ ಯುವಿ (ಅತಿನೇರಳೆ) ಫಿಲ್ಟರಿನ ಮೂಲ ಕೆಲಸ ಫಿಲ್ಮಿನೊಂದಿಗೇ ಮುಗಿಯಿತು. ಉಳಿದದ್ದು ಒಂದು ಗಾಜು ಮಾತ್ರ. ಲೇಪನವಿಲ್ಲದ ಗಾಜು ಒಂದೊಂದು ಮೈಯಿಂದ ಸುಮಾರು ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಎರಡು ಮೈ ಸೇರಿ ಶೇ 8. ಒಳ್ಳೆಯ ಲೇಪನವಿದ್ದರೆ ಇದು ಬಹಳ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಆದರೆ ಮದುವೆ ಸೀಸನ್ನಿನಲ್ಲಿ ಕ್ಯಾಮೆರಾದೊಂದಿಗೆ ಅಂಗಡಿಯವರು ಉಚಿತವಾಗಿ ಸೇರಿಸಿಕೊಡುವ ಫಿಲ್ಟರಿನಲ್ಲಿ ಅಂಥ ಲೇಪನ ಎಲ್ಲಿರುತ್ತದೆ?

ಮೈಸೂರು ಅರಮನೆಯ ದೀಪಾಲಂಕಾರವನ್ನು ಫಿಲ್ಟರ್ ಹಾಕಿ ತೆಗೆದು ನೋಡಿ. ಸುಮಾರು ಒಂದು ಲಕ್ಷ ಬಲ್ಬುಗಳು. ಮೇಲಿನ ಕಪ್ಪು ಆಕಾಶದಲ್ಲಿ ಇನ್ನೊಂದು ಮಂಕು ಅರಮನೆ ತಲೆಕೆಳಗಾಗಿ ತೇಲುತ್ತಿರುತ್ತದೆ. ಸೆನ್ಸರಿನಿಂದ ಹಿಮ್ಮುಖವಾಗಿ ಹೊರಟ ಬೆಳಕು ಫಿಲ್ಟರಿನ ಚಪ್ಪಟೆ ಗಾಜಿಗೆ ಬಡಿದು ಮರಳಿ ಬಂದದ್ದು ಅದು. ಫಿಲ್ಟರ್ ತೆಗೆದರೆ ಅರಮನೆ ಒಂದೇ.

ಮುಂಗಾಜಿನ ಮೇಲಿನ ಸಣ್ಣ ಗೀರು, ಧೂಳು ಚಿತ್ರದಲ್ಲಿ ಕಾಣುವುದೇ ಅಪರೂಪ. ಹಿಂಭಾಗದ ಗಾಜಿನ ಮೇಲಿನ ಬೆರಳಚ್ಚು ಅದಕ್ಕಿಂತ ದೊಡ್ಡ ಶತ್ರು, ಅದಕ್ಕೆ ಯಾರೂ ಫಿಲ್ಟರ್ ಕೊಳ್ಳುವುದಿಲ್ಲ. ‘ಬಿದ್ದಾಗ ಫಿಲ್ಟರ್ ಒಡೆಯಿತು, ಲೆನ್ಸ್ ಉಳಿಯಿತು’ ಎಂಬ ಕಥೆಯನ್ನೂ ಕೇಳಿದ್ದೇನೆ. ಫಿಲ್ಟರ್ ತೆಳು ಗಾಜು, ಒಡೆಯುವುದು ಅದರ ಸ್ವಭಾವ. ದಪ್ಪನೆಯ ಮುಂಗಾಜು ಅದಿಲ್ಲದೆಯೂ ಉಳಿಯುತ್ತಿತ್ತೇನೋ. ಕಬಿನಿಗೆ ಹುಲಿ ಹುಡುಕಿ ಬರುವವರ 600 ಮಿ.ಮೀ. ಲೆನ್ಸಿನ ಮುಂದೆ ಫಿಲ್ಟರ್ ಕೂರಿಸಲು ತಿರುಪೇ ಇರುವುದಿಲ್ಲ. ಹತ್ತು ಲಕ್ಷಕ್ಕೂ ಮೀರಿದ ಆ ಗಾಜು ಜೀಪಿನ ಧೂಳಿನಲ್ಲಿ ಬರೀ ಹುಡ್ ಹಾಕಿಕೊಂಡು ತಿರುಗುತ್ತದೆ. ಹುಡ್ ಓರೆ ಬೆಳಕನ್ನೂ ತಡೆಯುತ್ತದೆ, ಪೆಟ್ಟನ್ನೂ ತಿನ್ನುತ್ತದೆ, ಚಿತ್ರವನ್ನು ಕೆಡಿಸುವುದಿಲ್ಲ. ಅದನ್ನು ಹಿಂದುಮುಂದಾಗಿ ಸಿಕ್ಕಿಸಿಕೊಂಡು ಮದುವೆಮನೆಯಲ್ಲಿ ಓಡಾಡುವವರ ಬಗ್ಗೆ ನಾನು ಏನೂ ಹೇಳಲಾರೆ.

ಕಾರು ಕೊಂಡು ವರ್ಷವಾದರೂ ಸೀಟಿನ ಪ್ಲಾಸ್ಟಿಕ್ ತೆಗೆಯದವರು ನಮ್ಮಲ್ಲಿ ಇದ್ದಾರೆ. ಫಿಲ್ಟರ್ ಪ್ರಿಯರು ಅವರ ದಾಯಾದಿಗಳು.

ಕಡಲತೀರದಲ್ಲಿ, ಓಕುಳಿಯಲ್ಲಿ ನಾನೂ ಫಿಲ್ಟರ್ ಹಾಕುತ್ತೇನೆ ಎಂಬುದನ್ನು ಮುಚ್ಚಿಡುವುದಿಲ್ಲ. ಹೋದ ವರ್ಷ ಹಾಗೆ ಹಾಕಿದ ಒಂದು ಫಿಲ್ಟರಿನ ತಿರುಪಿನೊಳಗೆ ಮರಳು ಸೇರಿ ಕಚ್ಚಿಕೊಂಡುಬಿಟ್ಟಿದೆ. ರಬ್ಬರ್ ಕೈಗವಸು ತೊಟ್ಟು ತಿರುಗಿಸಿದೆ, ಮಗನ ಕೈಯಲ್ಲೂ ತಿರುಗಿಸಿದೆ. ಇನ್ನೂ ಬಿಚ್ಚಿಕೊಂಡಿಲ್ಲ.